ಮಹಾಮಾಯಾ ಚೀರುವುದನ್ನು ಬಿಟ್ಟದ್ದು

೧
ಕತೆಯನ್ನು ಎಲ್ಲಿಂದ ಶುರುಮಾಡಲಿ? ಬೀದರಿನ ಬಸ್‌ಸ್ಟ್ಯಾಂಡಿನಿಂದ ಒಂದು ಡ್ರಾಫ್ಟ್ ಬರೆದಿದ್ದೆ. ಔರಾದ ಮುಟ್ಟುವಷ್ಟರಲ್ಲಿ ನನಗೇ ನಿದ್ದೆ ಬಂತು. ಹರಿದು ಹಾಕಿದೆ. ನೇರ ಪಂಚಾಯಿತಿ ಸಭೆಗೇ ಹೋಗೋಣ. (ಯಾವ ಪಂಚಾಯಿತಿ ಎಂದು ಕೇಳಬೇಡಿ. ಔರಾದ, ಭಾಲ್ಕಿಗಳ ನಡುವೆ ನಾನೇ ಒಂದು ಊರು ಕಟ್ಟಿಕೊಂಡಿದ್ದೇನೆ.)

೨
ಮನಿಷಾ ಬೀದರಿನ ಕಾಲೇಜೊಂದರ ಉಪನ್ಯಾಸಕಿ. ಪಂಚಾಯಿತಿ ಸಭೆಗಳಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ನಡೆದದ್ದನ್ನು ಗಮನಿಸುವ ಸ್ವಯಂಸೇವಕರಲ್ಲಿ ಒಬ್ಬಳು. ಸದಸ್ಯರಿಗೆ ಅಂಕ ಕೊಡುವುದೂ ಅವರದೇ ಕೆಲಸ: ಹಾಜರಿಗೆ, ಪ್ರಶ್ನೆಗೆ, ಸಭ್ಯ ನಡವಳಿಕೆಗೆ. (ಮಾಸ್ತರ ಬುದ್ಧಿ ಎಲ್ಲಿ ಹೋಗುತ್ತದೆ!)

ಅಂದು ಸದಸ್ಯೆ ಮಹಾಮಾಯಾ ಎದ್ದು ಟೇಬಲ್ ಗುದ್ದಿದಳು. "ಅಧ್ಯಕ್ಷರ, ನಮ್ಮ ಓಣಿ ಅಂಗನವಾಡಿ ಛತ್ತು ಸೋರ್ಲತ್ತದ! ಕೂಸುಗಳ ತಾಟಿನ್ಯಾಗ ನೀರು ಬೀಳ್ತದ. ನಿಮ್ಮ ಮೊಮ್ಮಕ್ಕಳಿದ್ದರ ಹಿಂಗೇ ಸುಮ್ಮ ಕುಂದರ್ತಿದ್ದಿರೇನ್ರಿ?"

ಅಧ್ಯಕ್ಷ ಮಲ್ಲಿಕಾರ್ಜುನಪ್ಪ ಕಿವಿ ಮುಚ್ಚಿಕೊಂಡರು. ಆದರೂ ಹೀಗೆ ಚೀರಿ ಚೀರಿಯೇ ಅವಳು ಛತ್ತಿನ, ಅಂದರೆ ಛಾವಣಿಯ, ರಿಪೇರಿಗೆ ಎಸ್ಟಿಮೇಟ್ ಮಾಡಿಸಿದ್ದಳು. ಮಂಜೂರಾತಿಯೊಂದೇ ಬಾಕಿ ಇತ್ತು.

ಮನಿಷಾ ಸಭ್ಯ ನಡವಳಿಕೆಗೆ ಸೊನ್ನೆ ಕೊಟ್ಟಳು. ಅಂಕಪಟ್ಟಿ ಪೇಪರಿನಲ್ಲಿ ಬಂತು, ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತು. ಎಲ್ಲರಿಗಿಂತ ಕೆಳಗೆ ಮಹಾಮಾಯಾಳ ಹೆಸರು.

೩
ಮುಂದಿನ ಸಭೆಯಲ್ಲಿ ಮಹಾಮಾಯಾ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಛತ್ತಿನ ಮಾತೇ ಏಳಲಿಲ್ಲ. ಮಲ್ಲಿಕಾರ್ಜುನಪ್ಪ ಹಿಂದಿನ ಸಾಲಿನತ್ತ ತಿರುಗಿ ನಕ್ಕರು. "ನಿಮ್ಮ ಕೃಪಾ ನೋಡ್ರಿ ಮೇಡಂ. ಸಭಾ ಎಷ್ಟು ಶಾಂತ ನಡೀಲತ್ತದ!"

ಮನಿಷಾ ಅಂಕದ ಹಾಳೆಯನ್ನು ಮಗುಚಿಟ್ಟಳು.

೪
ಇಲ್ಲಿ, 'ಛತ್ತು ಕುಸಿಯಿತು' ಎಂದು ಬರೆದೆ. (ಸಂಪಾದಕರಿಗೆ ಇಂಥದ್ದು ಬಲು ಇಷ್ಟ.) ಮನಿಷಾ ನನ್ನ ಪೆನ್ನು ಹಿಡಿದು ನಿಲ್ಲಿಸಿದಳು.

"ನನ್ನ ತಪ್ಪಿಗಿ ಕೂಸುಗಳನ್ನ ಯಾಕ ಕೊಲ್ತೀರಿ ಸರ? ಮೊದಲ ನನ್ನನ್ನ ಮಹಾಮಾಯಾ ಅಕ್ಕನ ಮನಿಗಿ ಕಳಸ್ರಿ."

ಆ ಸಾಲು ಹೊಡೆದು ಹಾಕಿದೆ. ಕಳಿಸಿದೆ.

೫
ಮಹಾಮಾಯಾ ಚಹಾ ಕೊಟ್ಟಳು.

"ತಪ್ಪಾತು ಅಕ್ಕಾ," ಎಂದಳು ಮನಿಷಾ. "ಆ ಅಂಕ ತೆಗಸ್ತೇನಿ. ನೀವು ಮೊದಲಿನಂಗ ಚೀರ್ರಿ."

"ದನಿನೇ ಬರವಲ್ದ್ರಿ ಮೇಡಂ. ಏಳಬೇಕಂತೇನಿ, ಮಗಳ ಮಾರಿ ಕಣ್ಮುಂದ ಬರ್ತದ. ಸಾಲ್ಯಾಗ ಆಕಿ ಗೆಳತ್ಯಾರು ಕೇಳ್ಯಾರಂತ, 'ನಿಮ್ಮವ್ವ ಫೇಲ್ ಆಗ್ಯಾಳೇನು?' ಅಂತ."

ಮನಿಷಾ ಕಪ್ಪು ಕೆಳಗಿಟ್ಟಳು. ಅವಳಿಗಾದ ಪಶ್ಚಾತ್ತಾಪಕ್ಕೆ ನನ್ನಲ್ಲಿ ಒಳ್ಳೆಯ ವಾಕ್ಯವಿಲ್ಲ; ತುಂಬ ಕೆಡುಕೆನಿಸಿತು, ಅಷ್ಟೇ.

೬
ಸುಖಾಂತ್ಯ ಬೇಕೆನ್ನುವವರಿಗೆ: ಮಹಾಮಾಯಾ ಎದ್ದಳು, ಚೀರಿದಳು, ಛತ್ತು ಮಂಜೂರಾಯಿತು.

(ಅವಳು ಇದನ್ನು ಓದಿ ಅಡ್ಡಡ್ಡ ತಲೆಯಾಡಿಸಿದಳು. "ಇದು ನಿಮ್ಮ ದನಿ ಅದರಿ ಸರ. ನಂದಲ್ಲ.")

೭
ಈಗ ಮತ್ತೊಂದು ಸಭೆ. ಮಳೆಗಾಲ ಶುರುವಾಗಿದೆ. ಮಲ್ಲಿಕಾರ್ಜುನಪ್ಪ ಕೇಳುತ್ತಿದ್ದಾರೆ: "ಮತ್ತೇನರ ಅದ ಏನ್ರಿ? ಇಲ್ಲಂದ್ರ ಮುಗಸೂಣು."

ಮಹಾಮಾಯಾ ನೆಲ ನೋಡುತ್ತಿದ್ದಾಳೆ. ಮನಿಷಾ ಅವಳನ್ನೇ ನೋಡುತ್ತಿದ್ದಾಳೆ. 'ಸಭೆ ಮುಗಿಯಿತು' ಎಂದು ನಾನು ಬರೆದರೆ ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ.

ಬರೆಯುವುದಿಲ್ಲ. ಅವಳಿಗೆ ದನಿ ಬರುವ ತನಕ ಎಲ್ಲರೂ ಕೂತಿರಲಿ.