ಎಲೆ ಹಿಡಿದು ಕೇಳಿದ ಮಾತು

“ಸಂಬಳ ಎಷ್ಟು ಅಂತ ಅವಳ ಬಾಯಲ್ಲೇ ಕೇಳಿ ವಾಸಪ್ಪಣ್ಣ. ನಾನು ಹೇಳಿದ್ರೆ ಜಂಬ ಅಂತೀರಿ” ಎನ್ನುತ್ತ ಅನ್ನಪೂರ್ಣೇಶ್ವರಿ ಕಾಫಿ ಲೋಟ ಮುಂದಿಟ್ಟರು. ಹಾಗೆಂದವರು ಮಗಳಿಗೆ ಬಾಯಿ ತೆರೆಯಲು ಬಿಡಬೇಕಲ್ಲ! “ತಿಂಗಳಿಗೆ ಇಪ್ಪತ್ತೈದು ಸಾವಿರ. ಎಂಬಿಎ ಅಂದ್ರೆ ಸುಮ್ನೆ ಅಲ್ಲ” ಎಂದು ತಾವೇ ಮುಗಿಸಿದರು.

ನರಸಿಂಹರಾಜಪುರದ ಆ ಮನೆಯ ಜಗಲಿಯಲ್ಲಿ ವಾಸಪ್ಪ ಬೆಂಚಿನ ತುದಿಗೆ ಕೂತಿದ್ದ. ಪಕ್ಕದಲ್ಲಿ ಮಗಳು ಭವ್ಯ, ಅವಳ ಮಡಿಲಲ್ಲಿ ಬ್ಯಾಂಕಿನ ಕಾಗದಗಳ ಚೀಲ. ಬೆಂಗಳೂರಿನ ಕಾಲೇಜೊಂದರಲ್ಲಿ ಅವಳಿಗೆ ಎಂಬಿಎ ಸೀಟು ಸಿಕ್ಕಿತ್ತು. ಆರು ಲಕ್ಷ ಸಾಲ, ಅದಕ್ಕೆ ಕೊಪ್ಪದಲ್ಲಿರುವ ತಮ್ಮ ಒಂದೇ ಒಂದು ಮನೆ ಅಡವು. ಇವತ್ತು ನಾಲ್ಕು ಗಂಟೆಯೊಳಗೆ ಅಪ್ಪ ಬ್ಯಾಂಕಿನಲ್ಲಿ ಸಹಿ ಹಾಕದಿದ್ದರೆ ಸೀಟು ಹೋಯಿತು. ಅನ್ನಪೂರ್ಣೇಶ್ವರಿಯ ಮಗಳು ರಮ್ಯ ಅದೇ ಕಾಲೇಜಿನಲ್ಲಿ ಓದಿ ಹೋದ ವರ್ಷ ಮುಗಿಸಿದವಳು; ಅವಳನ್ನು ಕೇಳಿ ನೋಡಲೆಂದೇ ಅಪ್ಪ ಮಗಳು ಬಂದಿದ್ದರು.

ವಾಸಪ್ಪ ಚೇಣಿ ವ್ಯಾಪಾರದವನು. ಕೊಯ್ಲಿಗೆ ಮುಂಚೆಯೇ ಮರದ ಮೇಲಿನ ಅಡಿಕೆಯನ್ನು ಕಣ್ಣಳತೆಯಲ್ಲೇ ಅಳೆದು ಇಡೀ ತೋಟದ ಫಸಲು ಹಿಡಿಯುವ ಕಸುಬು. ಯಾವ ತೋಟದ ಮುಂದೂ ಹೆದರಿದವನಲ್ಲ. ಆದರೆ ಬ್ಯಾಂಕ್ ಮ್ಯಾನೇಜರು ‘ಇಲ್ಲೊಂದು ಸಹಿ’ ಎಂದು ಬೆರಳಿಟ್ಟು ತೋರಿಸಿದ ದಿನದಿಂದ ಆ ಕಾಗದ ಮುಟ್ಟಲೂ ಹೆದರುತ್ತಿದ್ದ. ಅಮೇರಿಕದಲ್ಲಿ ಬ್ಯಾಂಕುಗಳೇ ಮುಳುಗಿದವಂತೆ, ಕೆಲಸದಲ್ಲಿದ್ದವರನ್ನೇ ಮನೆಗೆ ಕಳಿಸುತ್ತಿದ್ದಾರಂತೆ ಎಂದು ಅಡಿಕೆ ಮಂಡಿಯಲ್ಲಿ ಜನ ಆಡಿಕೊಳ್ಳುವುದನ್ನು ಕೇಳಿದ ಮೇಲಂತೂ ಸಹಿಯ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ.

“ನೂರಕ್ಕೆ ನೂರು ಜನಕ್ಕೂ ಕೆಲ್ಸ ಅಂತ ಕಾಲೇಜಿನೋರೇ ಹೇಳಿದಾರಲ್ಲ ಅಪ್ಪ” ಎಂದು ಭವ್ಯ ಬೆಳಿಗ್ಗೆ ರೇಗಿದ್ದಳು.

“ಅದು ಯಜಮಾನನ ಮಾತಾಯ್ತು ಮಾರಾಯ್ತಿ. ತನ್ನ ತೋಟದಲ್ಲಿ ಫಸಲಿಲ್ಲ ಅಂತ ಯಾವ ಯಜಮಾನ ಹೇಳ್ತಾನೆ? ಕೇಳೋದಿದ್ರೆ ಕೊನೆಗಾರನ್ನ ಕೇಳ್ಬೇಕು. ಮರ ಹತ್ತಿದೋನು ಅವನು.”

ಮರ ಹತ್ತಿ ಅಡಿಕೆ ಕೊನೆ ಇಳಿಸುವವನನ್ನು ಕೇಳುವುದಕ್ಕೂ ಒಂದು ಕ್ರಮವಿತ್ತು. ವಾಸಪ್ಪ ಎಲೆಯಡಿಕೆ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಅವನ ಮುಂದೆ ಹಿಡಿಯುತ್ತಿದ್ದ. ಎಲೆ ತಗೊಂಡು ಬಾಯಿಗೆ ಹಾಕಿಕೊಂಡವನು ಸುಳ್ಳಾಡಬಾರದು. ಹೇಳಲು ಮನಸ್ಸಿಲ್ಲದವನು ಎಲೆ ಮುಟ್ಟುತ್ತಿರಲಿಲ್ಲ, ಅಷ್ಟೆ.

ಈಗಲೂ ಅವನ ಕೈ ತಾನಾಗಿಯೇ ಸಂಚಿಗೆ ಹೋಯಿತು. ಬಾಗಿಲಿಗೆ ಒರಗಿ ನಿಂತಿದ್ದ ರಮ್ಯಳ ಮುಂದೆ ಎಲೆ ಹಿಡಿದ. “ಮರ ಹತ್ತಿದವಳು ನೀನು. ಮೇಲೆ ಎಂತ ಉಂಟು, ಹೇಳು.”

ಅವಳೂ ಅಡಿಕೆ ಸೀಮೆಯ ಹುಡುಗಿ, ಅರ್ಥವಾಗದೆ ಇರುತ್ತದೆಯೇ? ಎಲೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ಕೈ ಮುಂದೆ ಬರಲಿಲ್ಲ.

“ಅಯ್ಯೋ, ಓದಿದ ಮಕ್ಕಳಿಗೆ ಎಲೆಯಡಿಕೆ ಕೊಡ್ತಾರಾ? ನಾಲಿಗೆ ದಪ್ಪ ಆಗ್ತದೆ” ಎಂದು ಅನ್ನಪೂರ್ಣೇಶ್ವರಿ ನಕ್ಕರು. ವಾಸಪ್ಪನಿಗೆ ನಗು ಬರಲಿಲ್ಲ. ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೊರಟ.

ಗೇಟು ದಾಟಿ ಹತ್ತು ಮಾರು ಬಂದಿದ್ದರೇನೋ, ಹಿಂದಿನಿಂದ ಚಪ್ಪಲಿಯ ಸದ್ದು. ರಮ್ಯ ಓಡಿ ಬಂದವಳೇ ಅವನ ಕೈಯಲ್ಲಿ ಇನ್ನೂ ಹಾಗೇ ಇದ್ದ ಎಲೆ ಕಿತ್ತುಕೊಂಡು ಬಾಯಿಗೆ ತುರುಕಿದಳು.

“ಇಪ್ಪತ್ತೈದು ಅಲ್ಲ, ಎಂಟು ಸಾವಿರ. ವಿಮೆ ಪಾಲಿಸಿ ಮಾರೋ ಕೆಲ್ಸ. ಅದೂ ಮಾರ್ಚಲ್ಲಿ ಹೋಯ್ತು. ಅಮ್ಮಂಗೆ ರಜೆ ಅಂತ ಹೇಳಿದೀನಿ. ಮುಂದಿನ ತಿಂಗಳಿಂದ ನನ್ ಓದಿನ ಸಾಲದ ಕಂತು, ಹತ್ತು ಸಾವಿರ. ಎಂತ ಮಾಡೋದು ಗೊತ್ತಾಗ್ತಿಲ್ಲ. ರಾತ್ರಿ ನಿದ್ದೆ ಬರೋದಿಲ್ಲ.” ಅವಳ ಕಣ್ಣು ತುಂಬಿತ್ತು. “ನಮ್ ಕ್ಲಾಸಲ್ಲಿ ಒಳ್ಳೆ ಕೆಲ್ಸ ಸಿಕ್ಕಿದೋರೂ ಇದಾರೆ. ಇಲ್ಲ ಅಂತಲ್ಲ. ನಂಗೆ ಸಿಗ್ಲಿಲ್ಲ.” ಅಷ್ಟು ಹೇಳಿ, ಬಾಯೊರೆಸಿಕೊಂಡು ವಾಪಸು ಓಡಿದಳು.

ಅಪ್ಪ ಮಗಳು ಕೊಪ್ಪದ ಬಸ್ಸು ಹತ್ತಿದರು.

“ಸಿಕ್ಕಿದೋರೂ ಇದಾರೆ ಅಂದ್ಳಲ್ಲ” ಎಂದಳು ಭವ್ಯ. “ನೀವು ಎಷ್ಟು ಸಲ ಕೆಟ್ಟ ತೋಟ ಹಿಡಿದಿಲ್ಲ? ಒಂದ್ಸಲ ಕೊಳೆರೋಗ ಬಂದು ಎಲ್ಲ ಉದುರಿ ಹೋಗ್ಲಿಲ್ವಾ?”

“ಹೋಗಿತ್ತು. ಮುಂದಿನ ವರ್ಷ ಬೇರೆ ತೋಟ ಹಿಡಿದೆ. ಮನೆ ಹೋದ್ರೆ ಬೇರೆ ಎಲ್ಲಿ ಹಿಡೀಲಿ? ಸಾಲ ತೀರೋ ತನಕ ಹತ್ತು ವರ್ಷ ನಿಂಗೆ ನಿದ್ದೆ ಹೋದ್ರೆ ಎಲ್ಲಿಂದ ತರ್ಲಿ?” ಅವನ ದನಿ ನಡುಗಿತು. ಮಗಳೆದುರು ಹೀಗೆ ನಡುಗಿದ್ದು ಅದೇ ಮೊದಲು. ನಾಚಿಕೆಯಾಗಿ ಕಿಟಕಿಯತ್ತ ತಿರುಗಿದ.

ಅವನ ತೊಡೆಯ ಮೇಲಿದ್ದ ಸಂಚಿಯನ್ನು ಭವ್ಯ ಎತ್ತಿಕೊಂಡಳು. ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆಯಿಟ್ಟು ಅಪ್ಪನ ಮುಂದೆ ಹಿಡಿದಳು.

“ಊರಿನ ತೋಟನೆಲ್ಲ ನೋಡಿ ಹೇಳ್ತೀರಲ್ಲ. ನನ್ನ ನೋಡಿ ಹೇಳಿ ಅಪ್ಪ. ನಂಗೆ ಆಗ್ತದಾ?”

ಇಪ್ಪತ್ತೆರಡು ವರ್ಷ ಕಣ್ಣೆದುರೇ ಬೆಳೆದ ಹುಡುಗಿ. ಬುದ್ಧಿಯಿದೆ, ಹಟವಿದೆ, ಅದೆಲ್ಲ ಅವನಿಗೆ ಗೊತ್ತು. ‘ಆಗ್ತದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಎಲೆ ಜಗಿಯುವ ಮನುಷ್ಯ, ಮಗಳ ಕೈಯಲ್ಲಿದ್ದ ಆ ಒಂದು ಎಲೆಗೆ ಕೈ ಎತ್ತಲಾರದೆ ಕೂತ. ಕಿಟಕಿಯ ಗಾಳಿಗೆ ಎಲೆ ಪಟಪಟ ಅನ್ನುತ್ತಿತ್ತು.

ಭವ್ಯ ಕಾದಳು. ಆಮೇಲೆ ಎಲೆಯನ್ನು ಮಡಚಿ ತನ್ನ ಬಾಯಿಗೇ ಹಾಕಿಕೊಂಡಳು. ಅಭ್ಯಾಸವಿಲ್ಲದ ಬಾಯಿ, ಸುಣ್ಣ ಚುರ್ರೆಂದು ಕಣ್ಣಲ್ಲಿ ನೀರು ಬಂತು.

“ನಂಗೂ ಹೆದ್ರಿಕೆ ಆಗ್ತದೆ ಅಪ್ಪ” ಎಂದಳು.

ವಾಸಪ್ಪ ಅವಳ ಕೈ ಹಿಡಿದುಕೊಂಡ. ಚಿಕ್ಕಂದಿನಲ್ಲಿ ಹಳ್ಳದ ಮೇಲಿನ ಮರದ ಸಂಕ ದಾಟಿಸುವಾಗ ಹಿಡಿದದ್ದು ಬಿಟ್ಟರೆ ಮತ್ತೆ ಹಿಡಿದಿರಲಿಲ್ಲ.

ಕೊಪ್ಪ ಬಂತು. “ಬ್ಯಾಂಕ್ ಹತ್ರ ಯಾರ್ ಇಳಿಯೋರು?” ಎಂದು ಕಂಡಕ್ಟರ್ ಕೂಗಿದ. ಬ್ಯಾಂಕಿನ ಬಾಗಿಲು ಇನ್ನೂ ತೆರೆದಿತ್ತು. ಭವ್ಯ ಮೆಲ್ಲಗೆ ಜಗಿಯುತ್ತಿದ್ದಳು, ತುಟಿ ಕೆಂಪಾಗತೊಡಗಿತ್ತು. “ಯಾರೂ ಇಲ್ವಾ?” ಎಂದು ಇನ್ನೊಮ್ಮೆ ಕೇಳಿ ಕಂಡಕ್ಟರ್ ಸೀಟಿ ಊದಿದ. ಇಬ್ಬರನ್ನೂ ಕೂರಿಸಿಕೊಂಡೇ ಬಸ್ಸು ಮುಂದೆ ಹೋಯಿತು.