ಭರಣಿಗೆ ಹಾಕಿದ ಕಾಸು

ಧರ್ಮಪ್ಪನ ಕಣ್ಣು ಹೋಗಿತ್ತು, ಹೆಬ್ಬೆರಳು ಹೋಗಿರಲಿಲ್ಲ. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಓಡುವ ಖಾಸಗಿ ಬಸ್ಸಿನಲ್ಲಿ ಆಯುಷ್ಯವೆಲ್ಲ ಕಂಡಕ್ಟರಾಗಿದ್ದವನು ಅವನು. ಜನ ಬಾಗಿಲಿಗೆ ಜೋತುಬಿದ್ದ ಬಸ್ಸಿನಲ್ಲಿ ಚರ್ಮದ ಚೀಲದೊಳಗೆ ಕೈಬಿಟ್ಟು, ನೋಡದೆಯೇ ನಾಣ್ಯ ಗುರುತಿಸಿ ಚಿಲ್ಲರೆ ಕೊಟ್ಟ ಬೆರಳು ಅದು. ಸಕ್ಕರೆ ಕಾಯಿಲೆ ಕಣ್ಣನ್ನು ತಿಂದ ಮೇಲೂ ಆ ಬೆರಳಿನ ಬುದ್ಧಿ ಹಾಗೇ ಉಳಿದಿತ್ತು.

ಅವನ ಹತ್ತಿರ ಒಂದು ಬಟ್ಟೆಗಂಟು ಇತ್ತು. ಅದರಲ್ಲಿದ್ದದ್ದು ಚಲಾವಣೆ ನಿಂತುಹೋದ ತಾಮ್ರದ ಕಾಸುಗಳು: ಆನೆ ಕಾಸು, ತೂತಿನ ಕಾಸು, ಸವೆದ ಕಾಲಾಣೆ. ಟಿಕೆಟ್ಟಿಗೆ ದುಡ್ಡು ಸಾಲದ ಮುದುಕ ಮುದುಕಿಯರು ಎಲೆಯಡಿಕೆ ಚೀಲದ ತಳದಿಂದ ಇಂಥದ್ದನ್ನು ತೆಗೆದು ಅವನ ಅಂಗೈಗಿಟ್ಟು ಮುಖ ಆಚೆ ತಿರುಗಿಸುತ್ತಿದ್ದರು. ಧರ್ಮಪ್ಪ ತನ್ನ ಜೇಬಿನಿಂದ ದುಡ್ಡು ಹಾಕಿ ಟಿಕೆಟ್ ಹರಿಯುತ್ತಿದ್ದ. ಕಾಸನ್ನು ಹಿಂದಕ್ಕೆ ಕೊಟ್ಟರೆ ಕೊಟ್ಟವರ ಮುಖ ಸಣ್ಣದಾಗುತ್ತದೆಂದು ಇಟ್ಟುಕೊಳ್ಳುತ್ತಿದ್ದ. ಹೀಗೆ ಒಂದೊಂದು ಕಾಸೂ ಒಬ್ಬೊಬ್ಬ ಮನುಷ್ಯನಾಗಿತ್ತು. ಕಣ್ಣು ಹೋದ ಮೇಲೆ ಸಂಜೆ ಹೊತ್ತು ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಒಂದೊಂದನ್ನೇ ಸವರುತ್ತಿದ್ದ. ಆನೆಯ ಸೊಂಡಿಲು ಸವೆದದ್ದು ಬಟ್ಟೆಮಲ್ಲಪ್ಪದಲ್ಲಿ ಕೋಳಿ ಹಿಡಿದು ಹತ್ತಿದವಳದು. ಅಂಚು ಮುಕ್ಕಾದದ್ದು ಕೋಣಂದೂರಿನ ಕುಂಟನದು. ಸವರಿದರೆ ಅವರ ಊರು, ಮಾತು, ಅವರು ಇಳಿದ ತಿರುವು, ಎಲ್ಲವೂ ಬಾಯಿಗೆ ಬರುತ್ತಿತ್ತು. ಬೇರೆ ಏನನ್ನೂ ಅವನು ಅಷ್ಟು ಹೊತ್ತು ಮಾತಾಡುತ್ತಿರಲಿಲ್ಲ.

ಹೆಂಡತಿ ತೀರಿಕೊಂಡ ವರ್ಷ, ಮಳೆ ಹಿಡಿಯುವ ಮೊದಲು, ಮಗಳು ತನುಜಾ ಅವನನ್ನು ಸಾಗರಕ್ಕೆ ಕರೆತಂದಳು. ಗಣಪತಿ ಕೆರೆಯ ಹತ್ತಿರದ ಬಾಡಿಗೆ ಮನೆ. ಅವಳು, ಗಂಡ ಯೋಗರಾಜ್, ಅತ್ತೆ ಹುಲಿಯಮ್ಮ. ತನುಜಾ ಕಾಲೇಜಿನ ಲೈಬ್ರರಿ ನೋಡಿಕೊಳ್ಳುವವಳು. ಪ್ರತಿ ಮಳೆಗಾಲ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದನ್ನು ಕಂಡು ಕಂಡು ಅವಳಿಗೆ ಕಳ್ಳರಿಗಿಂತ ತೇವದ ಭಯ ಹೆಚ್ಚು. ಗ್ಯಾಸ್ ಆರಿಸಿದ್ದನ್ನು ಮತ್ತೆ ಬಂದು ನೋಡುವವಳು, ಬೀಗ ಹಾಕಿದ ಮೇಲೆ ಎಳೆದು ನೋಡಿ, ಗೇಟಿನಿಂದ ಮರಳಿ ಬಂದು ಇನ್ನೊಮ್ಮೆ ಎಳೆಯುವವಳು. ಅಪ್ಪ ಕಾಸಿನ ಕತೆ ಹೇಳುವಾಗಲೂ ಅವಳ ಒಂದು ಕಿವಿ ಒಲೆಯ ಮೇಲಿನ ಹಾಲಿನ ಕಡೆಗೇ ಇರುತ್ತಿತ್ತು.

ಜೂನ್ ಮುಗಿಯುವ ಹೊತ್ತಿಗೆ ಅಪ್ಪನ ಕೋಣೆಯ ಗೋಡೆ ನೀರು ಬಿಡತೊಡಗಿತು. ಒಂದು ಸಂಜೆ ತೂತಿನ ಕಾಸಿನ ಅಂಚಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಅವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಓದಿದಳು. ಗಾಳಿಯ ತೇವ, ಕೈಯ ಬೆವರು ಎರಡೂ ತಾಮ್ರಕ್ಕೆ ಶತ್ರು ಎಂದಿತ್ತು. ಚಪ್ಪಲಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಹುಡುಕಿ ಗಂಟಿನೊಳಗಿಟ್ಟಳು. ಆ ಮಳೆಗೆ ಅವು ಯಾವ ಲೆಕ್ಕ? ಬಟ್ಟೆ ಮತ್ತೆ ತಣ್ಣಗಾಗಿತ್ತು.

ದಾರಿ ಹೇಳಿದ್ದು ಹುಲಿಯಮ್ಮ. ಮಾವಿನ ಮಿಡಿ ಹಾಕಿಡುತ್ತಿದ್ದ ಅವರ ಹಳೆಯ ಭರಣಿ ಅಟ್ಟದ ಮೇಲೆ ಖಾಲಿ ಕೂತಿತ್ತು. ಬಾಯಿಗೆ ಬಟ್ಟೆ ಕಟ್ಟಿದರೆ ಎಂಥ ಜಡಿಮಳೆಯಲ್ಲೂ ಅದರೊಳಗೆ ಒಂದು ಹನಿ ತೇವ ಹೋಗುತ್ತಿರಲಿಲ್ಲ, ಮಿಡಿ ವರ್ಷಗಟ್ಟಲೆ ಕಟುಂ ಎನ್ನುತ್ತಿತ್ತು ಎಂದರು. ತನುಜಾಳಿಗೂ ಅದು ಸರಿಯೆನಿಸಿತು. ಮಿಡಿ ಕೆಡದ ಜಾಗದಲ್ಲಿ ಲೋಹ ಕೆಡುತ್ತದೆಯೆ? ಭರಣಿಯನ್ನು ಬಿಸಿನೀರಿನಲ್ಲಿ ತೊಳೆದಳು, ಒಲೆಯ ಪಕ್ಕ ಒಣಗಿಸಿದಳು, ಮೂಗಿಟ್ಟು ನೋಡಿದಳು. ಕಾಸುಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಇಳಿಸಿ, ಮುಚ್ಚಳದ ಸುತ್ತ ಮೇಣ ಹೊಯ್ದಳು.

“ಬೀಗ್ರೇ, ನಿಮ್ಮ ಪ್ಯಾಸೆಂಜರ್‌ನೆಲ್ಲ ಉಪ್ಪಿನಕಾಯಿ ಹಾಕಿಬಿಟ್ಲು ನಿಮ್ಮ ಮಗಳು,” ಎಂದರು ಹುಲಿಯಮ್ಮ.

“ಸೀಟು ಸಿಕ್ತಲ್ಲ, ಸಾಕು,” ಎಂದು ಧರ್ಮಪ್ಪನೂ ನಕ್ಕ. ಆಮೇಲೆ ಯಾವಾಗ ಕೊಡುತ್ತೀಯ ಎಂದು ಮಗಳನ್ನು ಕೇಳಿದ. ಮಳೆ ಮುಗಿಯಲಿ ಎಂದಳು.

ಆ ವರ್ಷ ಮಳೆ ಮುಗಿಯುವ ಲಕ್ಷಣವೇ ಇರಲಿಲ್ಲ. ಧರ್ಮಪ್ಪ ಮೊದಮೊದಲು ಸಂಜೆಯಾದರೆ ಟವೆಲ್ ಹಾಸಿಕೊಳ್ಳುತ್ತಿದ್ದ, ನೆನಪಾಗಿ ಮಡಿಸುತ್ತಿದ್ದ. ಆಮೇಲೆ ಅಂಗಿಯ ಗುಂಡಿಯನ್ನು ಉಜ್ಜುತ್ತ ಕೂರುತ್ತಿದ್ದ. ಒಂದನ್ನಾದರೂ ಕೊಡು, ಯಾವುದಾದರೂ ಸರಿ ಎಂದು ಒಂದು ದಿನ ಕೇಳಿದ. ಒಮ್ಮೆ ಬಾಯಿ ತೆರೆದರೆ ಈ ಹಸಿಗಾಳಿ ಪೂರಾ ಒಳಗೆ ಹೋಗುತ್ತದೆ, ಆಮೇಲೆ ಎಲ್ಲವೂ ಹಾಳು ಎಂದು ಅವಳು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು.

ಅಡುಗೆಮನೆಯಲ್ಲಿ ಹುಲಿಯಮ್ಮ ದನಿ ತಗ್ಗಿಸಿದರು. “ಒಂದು ತೆಗ್ದು ಕೊಡೆ. ಮಿಡಿ ತೆಗಿಯಕ್ಕೆ ನಾವು ದಿನಾ ಬಾಯಿ ಬಿಚ್ತಿರ್ಲಿಲ್ವಾ?”

“ಮಿಡಿ ಹೋದ್ರೆ ಮುಂದಿನ ವರ್ಷ ಬರತ್ತೆ ಅತ್ತೆ. ಇದು ಬರಲ್ಲ.”

ಆಗಸ್ಟಿನಲ್ಲಿ ಅವನು ಕೇಳುವುದನ್ನು ಬಿಟ್ಟ. ಗುಂಡಿ ಉಜ್ಜುವುದೂ ನಿಂತಿತು. ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಯಾರೋ ಬಂದು ಏನನ್ನೋ ಇಡುತ್ತಾರೆ ಎನ್ನುವಂತೆ ಕೂರುತ್ತಿದ್ದ. ತನುಜಾ ಅದನ್ನು ನೋಡುತ್ತಿದ್ದಳು. ನೋಡಿ, ಭರಣಿಯ ಮೇಣ ಬಿರುಕು ಬಿಟ್ಟಿಲ್ಲವಷ್ಟೆ ಎಂದು ಪರೀಕ್ಷಿಸಿ ಬರುತ್ತಿದ್ದಳು.

ದೀಪಾವಳಿ ಕಳೆದು, ಅಂಗಳಕ್ಕೆ ಗಟ್ಟಿ ಬಿಸಿಲು ಬಿದ್ದ ಒಂದು ಬೆಳಿಗ್ಗೆ ಚಾಕುವಿನಿಂದ ಮೇಣ ಕೆತ್ತಿ ಮುಚ್ಚಳ ಎತ್ತಿದಳು. ಮೊದಲು ಬಂದದ್ದು ವಾಸನೆ: ಹಳೆಯ ಮಿಡಿಯದು, ಸೊನೆಯದು, ಸಾಸಿವೆಯದು. ಕೈ ಹಾಕಿದರೆ ಬಟ್ಟೆ ಒದ್ದೆ.

ಭರಣಿಯ ಒಳಮೈಯ ಹೊಳಪು ಲೇಪದಲ್ಲಿ ಕೂದಲಿನಂಥ ಬಿರುಕುಗಳಿದ್ದವು. ಎಷ್ಟೋ ವರ್ಷ ಕುಡಿದ ಉಪ್ಪನ್ನು ಅವುಗಳ ಮೂಲಕ ಭರಣಿ ಈಗ ಬೆವರಿತ್ತು. ಅವಳು ತೊಳೆದ ನೀರೂ ಅದರ ಮೈಯೊಳಗೇ ಉಳಿದಿತ್ತು. ಹೊರಗಿನ ಗಾಳಿ ಒಳಬರದಂತೆ ಹೊಯ್ದ ಮೇಣ ಒಳಗಿನ ತೇವ ಹೊರಹೋಗದಂತೆ ಕಾದಿತ್ತು. ಬಟ್ಟೆ ಬಿಡಿಸಿದರೆ ಕಾಸುಗಳು ಒಂದಕ್ಕೊಂದು ಅಂಟಿದ ಹಸಿರು ಹೆಂಟೆಯಾಗಿದ್ದವು. ಬಿಡಿಸಲು ಹೋದರೆ ಮೇಲ್ಮೈ ಹಕ್ಕಳೆಯಂತೆ ಎದ್ದುಬರುತ್ತಿತ್ತು. ಆನೆ ಇರಲಿಲ್ಲ. ಅಕ್ಷರ ಇರಲಿಲ್ಲ. ತೂತುಗಳು ಕಟ್ಟಿಹೋಗಿದ್ದವು, ಅಂಚುಗಳೆಲ್ಲ ಒಂದೇ ತರ ಮುಕ್ಕಾಗಿದ್ದವು.

ಹುಲಿಯಮ್ಮ ಹುಣಸೆಹಣ್ಣು ತಂದರು. ದೇವರ ಪಾತ್ರೆ ತಿಕ್ಕುವಂತೆ ಒಂದನ್ನು ತಿಕ್ಕಿದರು. ಕಾಸು ಕೆಂಪಗೆ ಹೊಳೆಯಿತು, ಎರಡು ಕಡೆಯೂ ಬೋಳು. ಇನ್ನೊಂದಕ್ಕೆ ಕೈ ಹಾಕಿದಾಗ ತನುಜಾ ಅವರ ಮಣಿಕಟ್ಟು ಹಿಡಿದಳು.

“ಬಿಚ್ಚಿದ್ಯಾ?” ಎಂದು ಜಗಲಿಯಿಂದ ಧರ್ಮಪ್ಪ ಕೂಗಿದ. ಮುಚ್ಚಳದ ಸದ್ದು ಅವನಿಗೆ ಆಗಲೇ ಕೇಳಿತ್ತು. ಅವಳು ಹೋಗುವಷ್ಟರಲ್ಲಿ ತೊಡೆಯ ಮೇಲೆ ಟವೆಲ್ ಹಾಸಿಯಾಗಿತ್ತು.

ಬೇರೆ ಕಾಸು ಎಲ್ಲಾದರೂ ಸಿಗಬಹುದೆ ಎಂದು ಆ ನಾಲ್ಕು ಹೆಜ್ಜೆಯಲ್ಲಿ ಅವಳು ಯೋಚಿಸಿದಳು. ಹೆಬ್ಬೆರಳಿಗೆ ಸುಳ್ಳು ಹೇಳುವುದು ಹೇಗೆ? ಬಿಡಿಸಲು ಬಂದಷ್ಟನ್ನು ಟವೆಲಿನ ಮೇಲಿಟ್ಟಳು.

ಅವನು ಒಂದನ್ನು ಎತ್ತಿಕೊಂಡು ಸವರಿದ, ತಿರುಗಿಸಿ ಸವರಿದ. ಕೆಳಗಿಟ್ಟು ಇನ್ನೊಂದನ್ನು ಎತ್ತಿದ. ಮೂರನೆಯದನ್ನು ಮೂಗಿನ ಹತ್ತಿರ ಹಿಡಿದ.

“ಉಪ್ಪು ಹೊಡ್ದಿದೆ,” ಎಂದ.

ಅವಳು ಎಲ್ಲವನ್ನೂ ಹೇಳಿದಳು, ಯಾವುದನ್ನೂ ಬಿಡದೆ, ಒಂದಾದ ಮೇಲೊಂದು. ಅವನು ಹೂಂ, ಹೂಂ ಎನ್ನುತ್ತ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಅವಳು ಅಳುತ್ತಿದ್ದಳೇನೋ.

“ಕಾಸು ಹೋದ್ರೆ ಹೋಯ್ತು. ನೀನು ಹೇಳಪ್ಪಯ್ಯ, ಒಬ್ಬೊಬ್ಬರದ್ದೇ ಹೇಳು. ಇವತ್ತು ಪೂರಾ ಕೇಳ್ತೀನಿ.”

ಧರ್ಮಪ್ಪ ಬಾಯಿ ತೆರೆದ. ಬೆರಳು ಬೋಳು ಕಾಸಿನ ಮೇಲೆ ಹಿಂದೆ ಮುಂದೆ ಓಡಿತು, ನಿಂತಿತು, ಮತ್ತೆ ಓಡಿತು.

“ನೆನಪಿದ್ದಿದ್ದು ಬೆರಳಿಗೆ ಕಣೆ,” ಎಂದ. “ನಂಗಲ್ಲ.”

“ಬಟ್ಟೆಮಲ್ಲಪ್ಪದೋಳು, ಅಪ್ಪಯ್ಯ. ಕೋಳಿ ಹಿಡ್ಕಂಡು ಹತ್ತಿದ್ಲು.”

“ಹೌದಾ? ಆಮೇಲೆ?” ಅವನ ಮುಖ ಅವಳ ದನಿಯ ಕಡೆ ತಿರುಗಿತು. “ಎಲ್ಲಿ ಇಳಿದ್ಲು?”

ಅವಳಿಗೆ ಗೊತ್ತಿರಲಿಲ್ಲ. ಕೋಳಿ ನೆನಪಿತ್ತು. ಅದರಾಚೆ ಹಾಲು ಉಕ್ಕುವ ಸದ್ದು, ತಾನು ಎದ್ದುಹೋದದ್ದು ನೆನಪಿತ್ತು. ಕುಂಟನ ಹೆಸರೇನು? ಅವನು ಕೋಣಂದೂರಿನವನೋ, ಅಲ್ಲಿ ಇಳಿದವನೋ? ಅವಳು ಹುಡುಕಿದಳು, ಕಾಲೇಜಿನ ಕಪಾಟುಗಳಲ್ಲಿ ಹುಡುಕುವ ಹಾಗೆ, ಸಾಲು ಸಾಲಾಗಿ. ಅಪ್ಪ ಕಾಯುತ್ತಿದ್ದ.

ಕಾದು, ಕೈಯಲ್ಲಿದ್ದ ಕಾಸನ್ನು ಟವೆಲಿನ ಒಂದು ಅಂಚಿಗೆ ಇಟ್ಟ. “ಇಳಿದ್ರು ಬಿಡು,” ಎಂದ. ಮುಂದಿನದನ್ನೂ ಒಮ್ಮೆ ಸವರಿ ಅದರ ಪಕ್ಕಕ್ಕಿಟ್ಟ. ಅದರ ಮುಂದಿನದನ್ನೂ. ಕೊನೆಗೆ ಸವರುವುದನ್ನು ಬಿಟ್ಟು ಉಳಿದವನ್ನು ಹಾಗೆಯೇ ತಳ್ಳಿದ.

ಅವನ ಹೆಬ್ಬೆರಳು ಹಸಿರಾಗಿತ್ತು. ಆ ಕೈಯನ್ನು ಬಾಯಿಗೆ ಹಾಕಿಕೊಂಡರೆ ವಿಷವಾದೀತು ಎಂದು ತನುಜಾಳಿಗೆ ಹೆದರಿಕೆಯಾಯಿತು. ಒದ್ದೆ ಬಟ್ಟೆ ತಂದು ಒರೆಸಿದಳು. ಅವನು ಕೈಯನ್ನು ಅವಳಿಗೇ ಬಿಟ್ಟುಕೊಟ್ಟು ಕೂತಿದ್ದ. ಬೆರಳಿನ ಗೆರೆಗಳ ಸಂದಿಯೊಳಗೆ ಹೋದ ಹಸಿರು ಎಷ್ಟು ಒರೆಸಿದರೂ ಬಿಡಲಿಲ್ಲ.