ವಾಲಿಸಿಟ್ಟ ಕೊಳವೆ

ಹೆಂಚಿನ ಕಾರ್ಖಾನೆಯ ಕೊಳೆನೀರಿನಲ್ಲಿ ಜೇಡಿಮಣ್ಣು ತಳ ಸೇರಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಲೆಕ್ಕದಮ್ಮ. ಆ ನೀರನ್ನು ತಿಳಿಯಾಗಲು ಬಿಡುವ ಹೊಸ ತೊಟ್ಟಿಯ ಅಳತೆ ಆ ಲೆಕ್ಕದ ಮೇಲೆಯೇ ನಿಂತಿತ್ತು.

ಒಂಟಿ ಕಣ ಸಲೀಸಾಗಿ ಇಳಿಯುತ್ತದೆ. ಕೋಟಿಗಟ್ಟಲೆ ಕಣಗಳಿದ್ದರೆ, ಅವು ಇಳಿದಷ್ಟೂ ನೀರು ಅವುಗಳ ಸಂದಿಯಲ್ಲೇ ನುಗ್ಗಿ ಮೇಲೇರಬೇಕು. ಬಸ್ಸಿನ ಬಾಗಿಲಲ್ಲಿ ಇಳಿಯುವವರು, ಹತ್ತುವವರು ಒಟ್ಟಿಗೇ ನುಗ್ಗಿದ ಹಾಗೆ, ಎಲ್ಲರಿಗೂ ತಡ. ಈ ನೂಕುನುಗ್ಗಲನ್ನೆಲ್ಲ ಸಮೀಕರಣಕ್ಕೆ ಹಾಕಿದಾಗ ಆರು ಗಂಟೆ ಬಂತು. ಆದರೆ ಅದೇ ನೀರು ತುಂಬಿಟ್ಟ ಲ್ಯಾಬಿನ ಗಾಜಿನ ಕೊಳವೆ ನೋಡಿಕೊಳ್ಳುತ್ತಿದ್ದ ಅವಳ ಚಿಕ್ಕಮ್ಮ ಕಳಿಸಿದ ಚೀಟಿಯಲ್ಲಿ ಎರಡೂವರೆ ಗಂಟೆ ಎಂದಿತ್ತು. ಮೂರು ದಿನವೂ ಅಷ್ಟೇ. ಲೆಕ್ಕದಮ್ಮ ನೂಕುನುಗ್ಗಲಿನ ಅಂಕಿಯನ್ನು ಇಳಿಸಿ ಎರಡೂವರೆಗೆ ಹೊಂದಿಸಿದಳು. ಸಣ್ಣ ತೊಟ್ಟಿ ಸಾಕೆಂದು ಬರೆದು ಸಹಿ ಹಾಕಿದಳು.

ತೊಟ್ಟಿಗೆ ಗುಂಡಿ ತೋಡುವ ಹಿಂದಿನ ದಿನ ಯಾವುದೋ ಬೀಗದಕೈ ಕೇಳಲು ಲ್ಯಾಬಿಗೆ ಹೋದರೆ, ಕೊಳವೆ ಗೋಡೆಗೆ ಒರಗಿ ನಿಂತಿತ್ತು.

"ನೆಟ್ಟಗಿಟ್ರೆ ಮೇಲಿನ ಹಲಗೆಗೆ ತಾಗುತ್ತೆ ಕಣೇ," ಎಂದಳು ಚಿಕ್ಕಮ್ಮ. "ವಾಲಿಸಿದ್ರೆ ಬೇಗ ತಿಳಿಯಾಗುತ್ತೆ ಬೇರೆ. ನಿಂಗೂ ಒಳ್ಳೇದಲ್ವಾ?"

ವಾಲಿದ ಕೊಳವೆಯಲ್ಲಿ ಕಣಗಳು ಹತ್ತಿರದ ಗೋಡೆಗೆ ಬಿದ್ದು ಜಾರಿಬಿಡುತ್ತವೆ, ನೀರಿಗೆ ಎದುರು ಗೋಡೆಯ ಪಕ್ಕ ಬೇರೆ ದಾರಿ ಸಿಗುತ್ತದೆ. ನೆಟ್ಟಗಿನ ತೊಟ್ಟಿಯಲ್ಲಿ ಆ ಸವಲತ್ತಿಲ್ಲ. ಅವಳು ಹೀಗೆ ವಿವರಿಸುತ್ತಿದ್ದಂತೆ ಚಿಕ್ಕಮ್ಮನ ಮುಖ ಸಪ್ಪಗಾಯಿತು. ಆಕೆಯ ಕೆಲಸ ಕಾಯಂ ಮಾಡುವ ಪತ್ರ ಅದೇ ತಿಂಗಳು ಬರಬೇಕಿತ್ತು.

"ಸಾಹೇಬ್ರಿಗೆ ನನ್ ಹೆಸ್ರು ಹೇಳ್ತೀಯಾ?"

ಲೆಕ್ಕದಮ್ಮ ಕೊಳವೆಯನ್ನು ಕುಲುಕಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲೇ ಕೂತಳು. ಎರಡೂವರೆ ಗಂಟೆಯಾದರೂ ನೀರು ರಾಡಿಯಾಗಿಯೇ ಇತ್ತು. ಎದ್ದು ಮ್ಯಾನೇಜರನ ಕೋಣೆಗೆ ಹೋಗಿ, ಕೊಳವೆ ವಾಲಿತ್ತು, ಸಣ್ಣ ತೊಟ್ಟಿ ಸಾಲದು ಎಂದಳು.

ಹಾಗಾದರೆ ಲೆಕ್ಕವೇ ಸುಳ್ಳೇ ಎಂದು ಆತ ಕೇಳಿದ.

"ಲೆಕ್ಕ ಸರಿ ಇತ್ತು ಸಾರ್. ನಾನೇ ಅದನ್ನ ನಂಬ್ದೆ ತಿದ್ದಿದೆ."

ಕೊಳವೆ ಹಾಗೆ ಇಟ್ಟವರು ಯಾರೆಂದು ಕೇಳಿದಾಗ, "ಯಾರು ಇಟ್ಟಿದ್ರೂ ನಾನು ಹೋಗಿ ನೋಡ್ಬೇಕಿತ್ತು, ನೋಡ್ಲಿಲ್ಲ," ಎಂದಳು. ಇನ್ನು ಮುಂದೆ ಅವಳ ಲೆಕ್ಕಕ್ಕೆ ಇನ್ನೊಬ್ಬರ ಸಹಿಯೂ ಇರಬೇಕೆಂದು ಮ್ಯಾನೇಜರ್ ಕಡತದಲ್ಲಿ ಬರೆದುಕೊಂಡ.

ಮರುದಿನ ಮೇಸ್ತ್ರಿ ಗೊಣಗುತ್ತಲೇ ಸಣ್ಣ ತೊಟ್ಟಿಯ ಗುರುತಿಗೆ ನೆಟ್ಟಿದ್ದ ಗೂಟ ಕಿತ್ತ. ದೊಡ್ಡ ತೊಟ್ಟಿಗೆ ಅಳತೆ ಹಾಕುವ ದಾರದ ಇನ್ನೊಂದು ತುದಿ ಹಿಡಿಯಲು ಯಾರೂ ಕರೆಯದೆ ಚಿಕ್ಕಮ್ಮ ಬಂದಳು. ಸಾಕು ಎಂದು ಲೆಕ್ಕದಮ್ಮ ಹೇಳುವವರೆಗೂ ಹಿಂದೆ ಹಿಂದೆ ಸರಿದಳು.